ಗಾರ್ಡ್ ಮೇಲೆ ಕೈ ಮಾಡಿದರೆ ಅದೂ ಡ್ಯೂಟಿಯ ಭಾಗವೇ?

ಅಕ್ಕನ_ಮಾತು:
ನನ್ನ ತಮ್ಮ ಒಂದು ಆಸ್ಪತ್ರೆಯ ಎಮರ್ಜೆನ್ಸಿ ಗೇಟಿನಲ್ಲಿ ಸೆಕ್ಯೂರಿಟಿ ಗಾರ್ಡ್. ರಾತ್ರಿ ಪಾಳಿ. ಎರಡು ತಿಂಗಳ ಹಿಂದೆ ರೋಗಿಯೊಬ್ಬರ ಕಡೆಯವರು ಗುಂಪಾಗಿ ಬಂದರು. ಒಬ್ಬರನ್ನ ಮಾತ್ರ ಒಳಗೆ ಬಿಡಬೇಕು ಅನ್ನೋದು ಆಸ್ಪತ್ರೆಯ ನಿಯಮ, ಇವನು ಮಾಡಿದ್ದಲ್ಲ. ಅದನ್ನ ಹೇಳಿದ್ದಕ್ಕೆ ಒಬ್ಬ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಇನ್ನೊಬ್ಬ ಡ್ರಿಪ್ ಹಾಕೋ ಕಬ್ಬಿಣದ ಸ್ಟ್ಯಾಂಡ್ ಎತ್ತಿ ತಲೆಗೇ ಬೀಸಿದ. ಬಗ್ಗಿದ್ದರಿಂದ ಭುಜಕ್ಕೆ ಬಿತ್ತು.

ಭುಜ ಸರಿಯಾಗಿದೆ. ಅವನು ಮೊದಲಿನ ಹಾಗಿಲ್ಲ. ಡ್ಯೂಟಿ ಮುಗಿಸಿ ಬಂದು ಮಲಗಿದರೆ ಬೆಚ್ಚಿ ಏಳ್ತಾನೆ. ಹಿಂದಿನಿಂದ ಯಾರಾದ್ರೂ ಬಂದು ಕರೆದರೆ ಮೈಯೆಲ್ಲ ಬಿಗಿ ಹಿಡಿಯುತ್ತೆ. ಆ ಗೇಟು ಬೇಡ ಅಂತ ಬೇರೆಯವರ ಹತ್ರ ಪಾಳಿ ಬದಲಾಯಿಸಿಕೊಳ್ತಾ ಇದ್ದಾನೆ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗ್ತಾನೆ, ಆಮೇಲೆ ಒಬ್ಬನೇ ಕೂತಿರ್ತಾನೆ. ಸೂಪರ್‌ವೈಸರ್ ಹೇಳಿದ್ದು ಇಷ್ಟೇ: "ಯೂನಿಫಾರ್ಮ್ ಹಾಕಿದ ಮೇಲೆ ಇದೆಲ್ಲ ಇದ್ದದ್ದೇ, ದೊಡ್ಡದು ಮಾಡಬೇಡ."

ಎರಡು ಪ್ರಶ್ನೆ. ಇದು ತಾನಾಗೇ ಹೋಗುತ್ತಾ, ಡಾಕ್ಟರಿಗೆ ತೋರಿಸಬೇಕಾ? ಮತ್ತೆ ಹೊಡೆಸಿಕೊಳ್ಳೋದೂ ಕೆಲಸದ ಭಾಗ ಅನ್ನೋದನ್ನ ಎಲ್ಲ ಗಾರ್ಡ್‌ಗಳೂ ಒಪ್ಪಿಕೊಂಡುಬಿಟ್ಟಿದ್ದೀರಾ?

ರಾತ್ರಿಪಾಳಿ:
ಒಪ್ಪಿಲ್ಲ ತಂಗಿ. ಬಾಯಿ ಮುಚ್ಚಿಕೊಂಡಿದ್ದೀವಿ ಅಷ್ಟೆ.

ಖಡಕ್:
ಕಟುವಾಗಿ ಹೇಳ್ತೀನಿ, ಬೇಜಾರಾಗಬೇಡಿ. ಸೆಕ್ಯೂರಿಟಿ ಅಂದರೇನೇ ಅಪಾಯದ ಎದುರು ನಿಲ್ಲೋದು. ಬೆಂಕಿ ಆರಿಸೋನು ಶಾಖ ಆಗುತ್ತೆ ಅಂತ ದೂರು ಕೊಡ್ತಾನಾ? ಹೆದರಿಕೆ ಇರೋರು ಬೇರೆ ಕೆಲಸ ನೋಡ್ಕೋಬೇಕು.

ರಾತ್ರಿಪಾಳಿ:
@ಖಡಕ್ ಬೆಂಕಿ ಆರಿಸೋನಿಗೆ ಬೆಂಕಿ ತಾಗದ ಕೋಟು ಕೊಡ್ತಾರೆ, ಹೆಲ್ಮೆಟ್ ಕೊಡ್ತಾರೆ, ತಿಂಗಳುಗಟ್ಟಲೆ ತರಬೇತಿ ಕೊಡ್ತಾರೆ, ಜೊತೆಗೆ ಒಂದು ತಂಡ ಇರುತ್ತೆ. ನನಗೆ ಕೊಟ್ಟಿದ್ದು ಒಂದು ಸೀಟಿ, ಒಂದು ಟಾರ್ಚು, ಹಿಂದಿನ ಗಾರ್ಡ್ ಬಿಟ್ಟುಹೋದ ಶರಟು. ತರಬೇತಿ ಅಂದ್ರೆ ಸೆಲ್ಯೂಟ್ ಹೊಡೆಯೋದು, ರಿಜಿಸ್ಟರ್‌ನಲ್ಲಿ ಸಹಿ ಹಾಕಿಸೋದು. ಯಾರಾದ್ರೂ ಕೈ ಎತ್ತಿದ್ರೆ ಏನು ಮಾಡಬೇಕು ಅಂತ ಯಾರೂ ಒಂದು ದಿನ ಹೇಳಿಕೊಟ್ಟಿಲ್ಲ. ತಿರುಗಿ ಹೊಡೆದ್ರೆ ಕೆಲಸ ಹೋಗುತ್ತೆ. ಓಡಿದ್ರೂ ಹೋಗುತ್ತೆ.

ಸುಮ್ನೆ_ಓದ್ತೀನಿ:
ಶರಟು ಹಿಂದಿನ ಗಾರ್ಡ್‌ದು ಅನ್ನೋದು ಎಲ್ಲಾ ಕಡೆ ಒಂದೇ ಕಥೆ. ನಂದು ಎರಡು ಸೈಜ್ ದೊಡ್ಡದು ಇತ್ತು 😀

ಆಲಿಸುವೆ:
ಅಕ್ಕಾ, ನಾನು ಆಪ್ತಸಮಾಲೋಚಕಿ. ಆಘಾತಕ್ಕೆ ಒಳಗಾದವರ ಜೊತೆ ಕೆಲಸ ಮಾಡ್ತೀನಿ. ನೋಡದೇ ರೋಗ ಇದು ಅಂತ ಹೇಳೋದು ತಪ್ಪು, ಹೇಳಲ್ಲ. ಆದರೆ ನೀವು ಬರೆದದ್ದರಲ್ಲಿ ಮೂರು ಎಳೆ ಎದ್ದು ಕಾಣ್ತಿವೆ. ಬೆಚ್ಚಿ ಏಳೋದು, ಅಂದ್ರೆ ಆ ಘಟನೆ ಮತ್ತೆ ಮೇಲೆ ಬರ್ತಿರಬಹುದು, ಏನು ಕನಸು ಬೀಳುತ್ತೆ ಅಂತ ಕೇಳಿ ನೋಡಿ. ಆ ಗೇಟನ್ನೇ ತಪ್ಪಿಸೋದು. ಅಪಾಯ ಇನ್ನೂ ಎದುರಿಗೇ ಇದೆ ಅನ್ನೋ ಹಾಗೆ ಮೈ ಸದಾ ಎಚ್ಚರದಲ್ಲಿರೋದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 11ನೇ ಆವೃತ್ತಿ ಪಿಟಿಎಸ್‌ಡಿ (ಭಯಾನಕ ಘಟನೆ ಆದಮೇಲೆ ಇಳಿಯದೇ ಉಳಿದುಬಿಡೋ ಮಾನಸಿಕ ಕಾಯಿಲೆ) ಗುರುತಿಸೋದು ಈ ಮೂರರ ಮೇಲೇ.

ಭಯಾನಕ ಘಟನೆ ಆದ ಮೊದಲ ವಾರಗಳಲ್ಲಿ ಹೀಗಾಗೋದು ಸಹಜ, ಬಹಳ ಜನರಿಗೆ ತಾನಾಗೇ ಇಳಿಯುತ್ತೆ. ಒಂದು ತಿಂಗಳು ದಾಟಿದರೂ ಇಳಿಯದೇ ನಿದ್ದೆ, ಕೆಲಸ, ಸಂಸಾರ ಮೂರನ್ನೂ ಕೆಡಿಸ್ತಿದ್ರೆ ಕಾಯಬಾರದು. ನಿಮ್ಮಲ್ಲಿ ಎರಡು ತಿಂಗಳಾಗಿದೆ, ಆದ್ದರಿಂದ ಮನೋವೈದ್ಯರಿಗೆ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ತೋರಿಸಿ. ಇದಕ್ಕೆ ಚಿಕಿತ್ಸೆ ಇದೆ. ಆಘಾತವನ್ನೇ ಗುರಿಯಾಗಿಸಿದ ಅರಿವು-ವರ್ತನಾ ಚಿಕಿತ್ಸೆ (ಯೋಚನೆ, ನಡವಳಿಕೆ ಬದಲಾಯಿಸೋ ಮಾತಿನ ಚಿಕಿತ್ಸೆ) ಇದೆ, ಇಎಂಡಿಆರ್ (ಕಣ್ಣನ್ನ ಅತ್ತಿತ್ತ ಆಡಿಸುತ್ತಾ ಆ ನೆನಪನ್ನ ಎದುರಿಸೋ ಚಿಕಿತ್ಸೆ) ಇದೆ. ಎರಡಕ್ಕೂ ಒಳ್ಳೆ ಪುರಾವೆ ಇದೆ. ಬರೀ ನಿದ್ದೆ ಮಾತ್ರೆ ತಗೊಂಡು ತಿಂಗಳುಗಟ್ಟಲೆ ದೂಡಬೇಡಿ.

ಬದುಕೋದೇ ಬೇಡ ಅನ್ನೋ ಥರದ ಮಾತು ಅವರ ಬಾಯಿಂದ ಬಂದ್ರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಕರ್ಕೊಂಡು ಹೋಗಿ.

ಖಡಕ್:
ಪಿಟಿಎಸ್‌ಡಿ ಸೈನಿಕರಿಗೆ ಬರೋದಲ್ವಾ? ಗೇಟಲ್ಲಿ ತಳ್ಳಾಟ ಆದ್ರೂ ಪಿಟಿಎಸ್‌ಡಿನಾ ಈಗ?

ಮಾಜಿ_ಸೈನಿಕ:
ಖಡಕ್ ಅವರೇ, ನಾನು ಸೈನ್ಯದಲ್ಲಿದ್ದವನು, ಈಗ ಸೆಕ್ಯೂರಿಟಿಯಲ್ಲಿದ್ದೀನಿ. ಎರಡೂ ನೋಡಿದ್ದೀನಿ, ಕೇಳಿ.

ಅಲ್ಲಿ ಗುಂಡಿನ ಸದ್ದು ಕೇಳಿದಾಗ ಪಕ್ಕದಲ್ಲಿ ನನ್ನವರು ಇದ್ದರು. ಮುಗಿದ ಮೇಲೆ ಒಟ್ಟಿಗೆ ಕೂತು ಅದನ್ನೇ ನೂರು ಸಲ ಮಾತಾಡ್ತಿದ್ವಿ, ನಗ್ತಿದ್ವಿ. ಏನಾಯ್ತು ಅಂತ ಮೇಲಿನವರು ಕರೆದು ಕೇಳೋರು. ಊರಿಗೆ ಹೋದ್ರೆ ಗೌರವ ಇತ್ತು. ಇಲ್ಲಿ ಒಬ್ಬನೇ ಒಂದು ಬೂತ್‌ನಲ್ಲಿ. ಬೆಳಗ್ಗೆ ರಿಲೀವರ್ ಬಂದಾಗ "ಎಲ್ಲಾ ಓಕೆ" ಅಂತ ಬರೆದು ಹೋಗಬೇಕು. ಮೊನ್ನೆ ನನ್ನ ಮಗನ ವಯಸ್ಸಿನ ಹುಡುಗ ಕಾರಿನ ಗಾಜು ಇಳಿಸಿ "ಏಯ್, ಗೇಟ್ ತೆಗೆಯೋ ಕೂಲಿ" ಅಂದ. ಗುಂಡಿನ ಸದ್ದಿಗೆ ನಿದ್ದೆ ಕೆಡದವನಿಗೆ ಅವತ್ತು ನಿದ್ದೆ ಬರಲಿಲ್ಲ. ಯಾಕೆ ಅಂತ ನೀವೇ ಹೇಳಿ.

ಆಲಿಸುವೆ:
@ಖಡಕ್ 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಕೈಪಿಡಿಗೆ ಈ ಕಾಯಿಲೆ ಸೇರಿದಾಗ ವಿಯೆಟ್ನಾಂ ಯುದ್ಧದಿಂದ ಬಂದವರ ಒತ್ತಾಯ ದೊಡ್ಡದಿತ್ತು, ನಿಜ. ಅವತ್ತಿಂದಲೂ ಅದು ಸೈನಿಕರಿಗೆ ಮಾತ್ರ ಅಂತ ಎಲ್ಲೂ ಇಲ್ಲ. ಅತ್ಯಾಚಾರ, ಅಪಘಾತ, ದಾಳಿ ಎಲ್ಲಾ ಬರುತ್ತೆ. ಸಾವು ಅಥವಾ ಗಂಭೀರ ಗಾಯದ ಬೆದರಿಕೆ ಇದ್ದರೂ ಸಾಕು, ಗಾಯ ಆಗಲೇಬೇಕು ಅಂತಿಲ್ಲ. ಕಬ್ಬಿಣದ ಸ್ಟ್ಯಾಂಡು ತಲೆಯ ಕಡೆಗೆ ಬರೋದು ತಳ್ಳಾಟ ಅಲ್ಲ ಸರ್.

ಮಾಜಿ ಸೈನಿಕರು ಹೇಳಿದ್ದು ಇನ್ನೂ ಮುಖ್ಯ. ಘಟನೆ ಎಷ್ಟು ದೊಡ್ಡದು ಅನ್ನೋದರ ಜೊತೆ, ಆದಮೇಲೆ ಬೆನ್ನಿಗೆ ಯಾರಿದ್ರು ಅನ್ನೋದೂ ತೂಗುತ್ತೆ. ಆಸರೆ ಸಿಗದವರಲ್ಲಿ ಲಕ್ಷಣಗಳು ಹೆಚ್ಚು ಅಂತ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಫೀಲ್ಡ್‌ಆಫೀಸರ್:
ನಾನು ಏಜೆನ್ಸಿ ಕಡೆಯಾಂವ. ಎಲ್ಲಾರೂ ನಮಗ ಬೈತೀರಿ, ಬೈರಿ. ಆದ್ರ ಒಳಗಿಂದು ಹೇಳ್ತೀನಿ ಕೇಳ್ರಿ.

ಗಾರ್ಡ್‌ಗ ಪಗಾರ ಕೊಡಾವ ಏಜೆನ್ಸಿ. ಕೆಲಸ ಹೇಳಾವ ಕ್ಲೈಂಟ್, ಅಂದ್ರ ನಮ್ಮ ಕಡೆಯಿಂದ ಗಾರ್ಡ್ ತಗೊಂಡ ಆಸ್ಪತ್ರಿನೋ ಕಂಪನಿನೋ. ಹೊಡಿಯಾವ ಕ್ಲೈಂಟಿನ ಗಿರಾಕಿ. ಈಗ ಹೊಡಿಸಿಕೊಂಡಾವ ದೂರು ಕೊಡಬೇಕಂದ್ರ ಯಾರ ಕಡೆ ಹೋಗಬೇಕು? ನಮ್ಮ ಕಡೆ ಬಂದ್ರ, ನಾವು ಕ್ಲೈಂಟಿಗೆ ಹೇಳಬೇಕು. ಕ್ಲೈಂಟ್ ಏನಂತಾನ? "ನಿಮ್ಮ ಹುಡುಗಗ ಮಂದಿ ಸಂಭಾಳಿಸಾಕ ಬರಂಗಿಲ್ಲ, ಬ್ಯಾರೆಯಾವನ್ನ ಕಳಿಸ್ರಿ." ನಾನು ಬ್ಯಾರೆಯಾವನ್ನ ಕಳಿಸ್ತೀನಿ. ಕಾಂಟ್ರಾಕ್ಟ್ ಹೋದ್ರ ಆ ಸೈಟಿನ ಎಲ್ಲಾ ಹುಡುಗೂರ ಕೆಲಸಾನೂ ಹೋಗ್ತದ. ಅದಕ್ಕ ಹುಡುಗೂರು ಬಾಯಿ ಬಿಡಂಗಿಲ್ಲ. ಗಾರ್ಡ್ ಅಂದ್ರ ಅಡಕತ್ತರಿಯೊಳಗ ಸಿಕ್ಕ ಅಡಕಿ ಆಗ್ಯಾನ್ರಿ.

ಖಡಕ್:
ಅಂದ್ರೆ ತಪ್ಪು ನಿಮ್ಮದು ಅಂತ ನೀವೇ ಒಪ್ಪಿಕೊಂಡ್ರಿ.

ಫೀಲ್ಡ್‌ಆಫೀಸರ್:
ವ್ಯವಸ್ಥಾ ಹೆಂಗೈತಿ ಅಂತ ಹೇಳೀನಿ, ಸರಿ ಐತಿ ಅಂತ ಎಲ್ಲಿ ಹೇಳೀನ್ರಿ? ಓದೂದು ಕಲೀರಿ ಮೊದಲ.

ಬೇಲಿಹೂ:
ಎಲ್ಲರೂ ಗಾರ್ಡ್ ಪರ ಮಾತಾಡ್ತಿದ್ದೀರಿ. ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ನಮ್ಮ ತಾಯಿ ಐಸಿಯುನಲ್ಲಿದ್ದಾಗ ಒಬ್ಬ ಗಾರ್ಡ್ ನನ್ನ ತೋಳು ಹಿಡಿದು ಹೊರಗೆ ದಬ್ಬಿದ. ಏಕವಚನದಲ್ಲಿ ಮಾತಾಡಿದ. ಅವನಿಗೂ ದೂರು ಇರಬಹುದು, ನನಗೂ ಇದೆ. ಸಣ್ಣ ಅಧಿಕಾರ ಸಿಕ್ಕಿದ್ರೆ ಕೆಲವರು ಎಷ್ಟು ಮೆರೀತಾರೆ ಅಂತ ನೋಡಿದವಳು ನಾನು.

ವಾಕಿಟಾಕಿ:
@ಬೇಲಿಹೂ ನಿಮಗಾದದ್ದು ತಪ್ಪೇ, ಮೈ ಮುಟ್ಟೋ ಹಕ್ಕು ಅವನಿಗಿಲ್ಲ. ಆದ್ರೆ ಅಧಿಕಾರ ಅಂದ್ರಲ್ಲ ಅಕ್ಕ, ಅದಕ್ಕೆ ನಗು ಬಂತು. ಡಾಕ್ಟರ್ ಫೋನ್ ಮಾಡಿ "ಅವರನ್ನ ಬಿಡು" ಅಂದ್ರೆ ಬಿಡ್ತೀವಿ. ಆಫೀಸಿನವರು "ಯಾಕೆ ಬಿಟ್ಟೆ" ಅಂದ್ರೆ ಬೈಸಿಕೊಳ್ತೀವಿ. ನಿಯಮ ಬರೆಯೋರು ಎಸಿ ರೂಮಲ್ಲಿ, ನಿಯಮ ಮುರಿಯೋರಿಗೆ ಶಿಫಾರಸು ಇರುತ್ತೆ. ಮಧ್ಯದಲ್ಲಿ "ಇಲ್ಲ" ಅನ್ನೋ ಒಂದು ಪದ ಮಾತ್ರ ನಮ್ಮ ಕೈಲಿರೋದು. ಸಿಟ್ಟು ಬಂದವರಿಗೆ ಎದುರು ಕಾಣೋ ಮುಖ ನಮ್ಮದೇ.

ನಾನು ಲೇಡಿ ಗಾರ್ಡ್. ಹೆಂಗಸರ ಫ್ರಿಸ್ಕಿಂಗ್, ಅಂದ್ರೆ ಮೈ ತಡವಿ ತಪಾಸಣೆ ಮಾಡ್ತೀನಿ. ಬೈಗುಳ ಬಿಡಿ, ಅದು ಲೆಕ್ಕಕ್ಕಿಲ್ಲ. ಪಾರ್ಕಿಂಗ್‌ನ ಕೊನೇ ಮೂಲೆಯ ಪೋಸ್ಟ್‌ಗೆ ರಾತ್ರಿ ಹಾಕ್ತಾರಲ್ಲ, ಅಲ್ಲಿ ಕುಡಿದು ಬರೋರು ಕಾರ್ ಕೀ ಕೊಡೋ ನೆಪದಲ್ಲಿ ಕೈ ಹಿಡೀತಾರೆ. ಶೌಚಾಲಯಕ್ಕೆ ಹೋಗಬೇಕಂದ್ರೆ ರಿಲೀವರ್ ಬರಬೇಕು, ಬರಲ್ಲ. ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೆ. ಸೂಪರ್‌ವೈಸರ್‌ಗೆ ಹೇಳಿದ್ರೆ ಅವನ ಮಾತು ಗಿರಾಕಿಗಿಂತ ಕೆಟ್ಟದು. ಹೊರಗಿನವರ ಹಿಂಸೆ ಒಂದು, ಒಳಗಿನವರದ್ದು ಇನ್ನೊಂದು. ಇಲ್ಲಿ ಯಾರೂ ಎರಡನೇದರ ಬಗ್ಗೆ ಬರೀಲೇ ಇಲ್ಲ ಅಂತ ಬರೆದೆ.

ಸುಮ್ನೆ_ಓದ್ತೀನಿ:
ಇದು ಓದಿ ಏನು ಬರೆಯೋದು ಗೊತ್ತಾಗ್ತಿಲ್ಲ. ಗಟ್ಟಿ ಇದ್ದೀರಿ ಅಕ್ಕ.

ವಾಕಿಟಾಕಿ:
ಗಟ್ಟಿ ಇರಬೇಕಾಗಿ ಬಂದಿದ್ದೇ ಸಮಸ್ಯೆ ಕಣಪ್ಪ.

ಅಂಕಿಅಂಶ:
ಸ್ವಲ್ಪ ಅಂಕಿ ಹಾಕ್ತೀನಿ, ಇಲ್ದಿದ್ರೆ ಇದು ಬರೀ ನೋವಿನ ಪಟ್ಟಿ ಆಗುತ್ತೆ.

ಫಿನ್ಲೆಂಡ್‌ನಲ್ಲಿ ಸಾವಿರದಷ್ಟು ಗಾರ್ಡ್‌ಗಳನ್ನ ಕೇಳಿ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯ್ತು. ತಿಂಗಳಿಗೊಮ್ಮೆಯಾದ್ರೂ ಬೈಗುಳ ಎದುರಿಸೋರು ಶೇ 39, ಹೊಡೀತೀನಿ ಅಂತ ಬೆದರಿಕೆ ಶೇ 19, ಮೈಮೇಲೆ ಕೈ ಮಾಡಿಸಿಕೊಳ್ಳೋರು ಶೇ 15. ಯಾರಿಗೆ ಹೆಚ್ಚು ಅಂದ್ರೆ ಚಿಕ್ಕ ವಯಸ್ಸಿನವರು, ಅನುಭವ ಕಡಿಮೆ ಇರೋರು, ತಡರಾತ್ರಿ ಕೆಲಸ ಮಾಡೋರು, ಅವಸರದಲ್ಲಿ ಕೆಲಸ ಮಾಡಬೇಕಾದವರು. ಅಂದ್ರೆ ಹೊಸ ಹುಡುಗನನ್ನ ತಂದು ನೇರ ನೈಟ್ ಡ್ಯೂಟಿಗೆ ಹಾಕೋ ಪದ್ಧತಿ ಇದೆಯಲ್ಲ, ಅಪಾಯ ಹೆಚ್ಚಿರೋ ಜಾಗಕ್ಕೆ ಅಪಾಯ ಹೆಚ್ಚಿರೋ ಮನುಷ್ಯನನ್ನೇ ಹುಡುಕಿ ಹಾಕಿದ ಹಾಗೆ.

ಅಪಾಯ ಇದ್ರೆ ತರಬೇತಿ ಹೆಚ್ಚಬೇಕು, ಜೊತೆಗೆ ಜನ ಹೆಚ್ಚಬೇಕು. "ಇದ್ದದ್ದೇ" ಅನ್ನೋದು ಅದಕ್ಕೆ ಉತ್ತರ ಅಲ್ಲ @ಖಡಕ್.

ಖಡಕ್:
ಫಿನ್ಲೆಂಡ್ ಗಾರ್ಡ್‌ನ ಪರಿಸ್ಥಿತಿ ಬೇರೆ. ಶೇ 85 ಜನಕ್ಕೆ ತಿಂಗಳಲ್ಲಿ ಒಂದು ಏಟೂ ಬೀಳಲ್ಲ ಅಂತಲೂ ಓದಬಹುದಲ್ವಾ?

ಅಂಕಿಅಂಶ:
ಓದಬಹುದು. ನಿಮ್ಮ ಆಫೀಸಿನಲ್ಲಿ ಏಳು ಜನಕ್ಕೆ ಒಬ್ಬರಿಗೆ ತಿಂಗಳಿಗೊಮ್ಮೆ ಏಟು ಬೀಳುತ್ತೆ ಅಂದ್ರೆ ನಾಳೆ ಕೆಲಸಕ್ಕೆ ಹೋಗ್ತೀರಾ ಹೇಳಿ ನೋಡೋಣ.

ಕುರ್ಚಿ_ಬೇಕು:
ಏಟಿನ ವಿಷಯ ಸರಿ. ಕೂರೋಕೆ ಕುರ್ಚಿ ಯಾಕಿಲ್ಲ ಅಂತ ಯಾರಾದ್ರೂ ಹೇಳಿ ಸ್ವಾಮಿ. ನಮ್ಮ ಸೈಟಲ್ಲಿ ಕುರ್ಚಿ ಇತ್ತು, "ಕೂತ್ರೆ ಗಾರ್ಡ್ ಮಲಗ್ತಾನೆ" ಅಂತ ತೆಗೆಸಿದ್ರು.

ಅಂಕಿಅಂಶ:
@ಕುರ್ಚಿ_ಬೇಕು ನಿಂತರೆ ಎಚ್ಚರ ಇರ್ತಾನೆ ಅನ್ನೋದು ಭ್ರಮೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಡಾರ್ ನೋಡೋರು ಗುರುತುಗಳನ್ನ ಯಾಕೆ ತಪ್ಪಿಸಿಕೊಳ್ತಾರೆ ಅಂತ ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷೆ ಮಾಡಿದ. ಗಡಿಯಾರದ ಮುಳ್ಳಿನಂಥದ್ದೊಂದು ಸಾಧನ, ಮುಳ್ಳು ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತೆ, ಅದನ್ನ ಹಿಡೀಬೇಕು. 1948ರಲ್ಲಿ ಬಂದ ಫಲಿತಾಂಶ: ಮೊದಲ ಅರ್ಧ ಗಂಟೆಯಲ್ಲೇ ಹಿಡಿಯೋ ಸಾಮರ್ಥ್ಯ ಇಳಿಯುತ್ತೆ. ಇದು ಸೋಮಾರಿತನ ಅಲ್ಲ, ಮಿದುಳು ಕೆಲಸ ಮಾಡೋ ರೀತಿ. ಹನ್ನೆರಡು ಗಂಟೆ ಸಿಸಿಟಿವಿ ಪರದೆ ಮುಂದೆ ಒಬ್ಬನನ್ನೇ ಕೂರಿಸಿ "ಕಳ್ಳ ಹೋಗಿದ್ದು ಹೇಗೆ ಕಾಣಲಿಲ್ಲ" ಅನ್ನೋರಿಗೆ ಇದನ್ನ ಓದಿಸಬೇಕು. ಪರಿಹಾರ ಪಾಳಿ ನಡುವೆ ಜಾಗ ಬದಲಾಯಿಸೋದು, ಬಿಡುವು ಕೊಡೋದು. ಕುರ್ಚಿ ತೆಗೆಯೋದು ಅಲ್ಲ.

ಕುರ್ಚಿ_ಬೇಕು:
ನಮ್ಮ ಮ್ಯಾನೇಜರ್‌ಗೆ ಮುಳ್ಳು ಎರಡು ಹೆಜ್ಜೆ ಜಿಗಿದಿದ್ದು ಕಾಣಲ್ಲ, ಗಾರ್ಡ್ ಐದು ನಿಮಿಷ ಕೂತಿದ್ದು ಕಾಣುತ್ತೆ.

ರಾತ್ರಿಪಾಳಿ:
😂😂 ಸರಿಯಾಗಿ ಹೇಳಿದ್ರಿ

ಮೈ_ನೋವು:
ಡಬಲ್ ಡ್ಯೂಟಿ ಬಗ್ಗೆಯೂ ಯಾರಾದ್ರೂ ಬರೀರಿ. ನಂದು ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ. ರಿಲೀವರ್ ಬರದ ದಿನ ಅಲ್ಲೇ 24 ಗಂಟೆ. ಬಿಪಿ ಬಂದಿದೆ. ಮೊದಲು ಯಾರಾದ್ರೂ ಬೈದ್ರೆ ನಕ್ಕು ಸುಮ್ಮನಾಗ್ತಿದ್ದೆ. ಈಗ ಡಬಲ್ ಡ್ಯೂಟಿ ಕೊನೆಯಲ್ಲಿ ಯಾರಾದ್ರೂ ಹಾರ್ನ್ ಹೊಡೆದ್ರೂ ತಲೆ ಸಿಡಿಯುತ್ತೆ, ಬಾಯಿಗೆ ಬಂದದ್ದು ಅಂದುಬಿಡ್ತೀನಿ. @ಬೇಲಿಹೂ ಅವರನ್ನ ದಬ್ಬಿದವನೂ ಅವತ್ತು ಡಬಲ್‌ನಲ್ಲಿದ್ನೋ ಏನೋ. ಸಮರ್ಥನೆ ಅಲ್ಲ, ಅನ್ನಿಸಿದ್ದು ಹೇಳಿದೆ.

ಅಂಕಿಅಂಶ:
ವಾರಕ್ಕೆ 72 ಗಂಟೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದ್ರೇನೇ, 35–40 ಗಂಟೆ ದುಡಿಯೋರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದ್ರೋಗದಿಂದ ಸಾಯೋ ಅಪಾಯ ಶೇ 17ರಷ್ಟು ಹೆಚ್ಚು. ಇನ್ನು ರಾತ್ರಿ ಪಾಳಿಯನ್ನ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2007ರಲ್ಲೇ ಕ್ಯಾನ್ಸರ್ ತರುವ ಸಂಭವ ಇರೋ ಗುಂಪಿಗೆ ಸೇರಿಸಿದೆ, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಇಟ್ಟಿದೆ. ಬಿಪಿಗೆ ಮಾತ್ರೆ ತಪ್ಪಿಸಬೇಡಿ ಅಣ್ಣ.

ಬೇಲಿಹೂ:
@ಮೈ_ನೋವು 24 ಗಂಟೆ ನಿಂತವನ ಕೈಗೆ ಐಸಿಯು ಬಾಗಿಲು ಕೊಟ್ಟ ಆಸ್ಪತ್ರೆ ಮೇಲೆ ಈಗ ಸಿಟ್ಟು ಬರ್ತಿದೆ. ಅವನ ಮೇಲಿನ ಸಿಟ್ಟೂ ಹೋಗಿಲ್ಲ ಬಿಡಿ, ಎರಡೂ ಇದೆ.

ಎಚ್ಆರ್_ಕಡೆಯವನು:
ನಾನು ಒಂದು ಕಂಪನಿಯ ಎಚ್ಆರ್‌ನಲ್ಲಿದ್ದೀನಿ, ಬೇರೆಬೇರೆ ಏಜೆನ್ಸಿ ಗಾರ್ಡ್‌ಗಳು ನಮ್ಮಲ್ಲಿದ್ದಾರೆ. ನಾವು ಒಳ್ಳೇದೇ ಮಾಡಬೇಕು ಅಂತ, ಗಲಾಟೆ ಆದ ಮಾರನೇ ದಿನ ಎಲ್ಲಾ ಗಾರ್ಡ್‌ಗಳನ್ನ ಒಂದು ಹಾಲ್‌ನಲ್ಲಿ ಕೂರಿಸಿ, ತಜ್ಞರನ್ನ ಕರೆಸಿ, ಒಬ್ಬೊಬ್ಬರಿಂದಲೂ ಘಟನೆ ಹೇಳಿಸಿದ್ವಿ. ಇಂಥ ಸೆಷನ್ ಎಲ್ಲಾ ಕಂಪನಿಯಲ್ಲೂ ಕಡ್ಡಾಯ ಮಾಡಬೇಕು ಅಂತ ನನ್ನ ಅಭಿಪ್ರಾಯ.

ಆಲಿಸುವೆ:
@ಎಚ್ಆರ್_ಕಡೆಯವನು ಉದ್ದೇಶ ಒಳ್ಳೇದು, ದಾರಿ ಸರಿಯಿಲ್ಲ. ಘಟನೆ ಆದ ಕೂಡಲೇ ಒಂದೇ ಸಲಕ್ಕೆ ಎಲ್ಲವನ್ನೂ ಬಾಯಿಬಿಡಿಸೋ ಆ ಪದ್ಧತಿ ಒಂದು ಕಾಲಕ್ಕೆ ಬಹಳ ಚಾಲ್ತಿಯಲ್ಲಿತ್ತು. 2002ರ ಕಾಕ್ರೇನ್ ವಿಮರ್ಶೆ (ಒಂದು ಚಿಕಿತ್ಸೆ ಬಗ್ಗೆ ಆಗಿರೋ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡೋ ವರದಿ) ಅದನ್ನ ಜಾಲಾಡಿತು. ಪಿಟಿಎಸ್‌ಡಿ ತಡೆಯೋದರಲ್ಲಿ ಪ್ರಯೋಜನ ಕಾಣಲಿಲ್ಲ, ಕೆಲವರಿಗೆ ಹೆಚ್ಚು ತೊಂದರೆಯೇ ಆಗಿರಬಹುದು ಅನ್ನೋ ಸೂಚನೆಯೂ ಸಿಕ್ಕಿತು. ಕಡ್ಡಾಯ ಅಂತೂ ಮಾಡಲೇಬಾರದು ಅಂತ ಹೇಳಿದ ವಿಮರ್ಶೆ ಅದು.

ಅದರ ಬದಲು ಈಗ ಹೇಳೋದು ಮಾನಸಿಕ ಪ್ರಥಮ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕೈಪಿಡಿಯನ್ನೇ ತಂದಿದೆ. ನೋಡು, ಕೇಳು, ಜೋಡಿಸು, ಇಷ್ಟೇ ಅದರ ಸಾರ. ಅಂದ್ರೆ ಸುರಕ್ಷಿತ ಜಾಗಕ್ಕೆ ಕರೆದೊಯ್ಯಿ, ನೀರು ಕೊಡು, ಗಾಯ ನೋಡು. ಮಾತಾಡಿದ್ರೆ ಕೇಳು, ಮಾತಾಡದಿದ್ರೆ ಬಲವಂತ ಬೇಡ. ಮನೆಯವರಿಗೆ, ಡಾಕ್ಟರಿಗೆ, ಪರಿಹಾರ ಕೊಡೋರಿಗೆ ಸಂಪರ್ಕ ಮಾಡಿಸು. ಎರಡು-ಮೂರು ವಾರ ಬಿಟ್ಟು ಮತ್ತೆ ವಿಚಾರಿಸು. ಈ ಕೊನೇದನ್ನ ಯಾವ ಕಂಪನಿಯೂ ಮಾಡಲ್ಲ.

ಎಚ್ಆರ್_ಕಡೆಯವನು:
ಸರಿ ಮೇಡಂ. ಆದ್ರೆ ಏನೂ ಮಾಡದೇ ಇರೋದಕ್ಕಿಂತ ಮೇಲಲ್ವಾ?

ಆಲಿಸುವೆ:
ಹಾಲ್‌ಗೆ ತಜ್ಞರನ್ನ ಕರೆಸೋ ಬದಲು ಅವನಿಗೆ ಎರಡು ದಿನ ಸಂಬಳ ಸಹಿತ ರಜೆ ಕೊಟ್ಟು ನೋಡಿ. ಆಮೇಲೆ ಮಾತಾಡೋಣ.

ಅಕ್ಕನ_ಮಾತು:
ಎಲ್ಲರಿಗೂ ಋಣಿ. ಇದನ್ನೆಲ್ಲ ತಮ್ಮನಿಗೇ ಓದಿಸಿದೆ. "ಅವರೆಲ್ಲ ನನ್ನ ಬಗ್ಗೆ ಬರೆದಿದ್ದಾರಾ?" ಅಂದ. ಡಾಕ್ಟರ್ ಹತ್ರ ಬರೋಕೆ ಒಪ್ಪಿದ್ದಾನೆ. ಒಂದೇ ಹಠ: ಏಜೆನ್ಸಿಗೆ ಗೊತ್ತಾಗಬಾರದಂತೆ, ಗೊತ್ತಾದ್ರೆ "ತಲೆ ಕೆಟ್ಟೋನು" ಅಂತ ಡ್ಯೂಟಿ ಕೊಡಲ್ವಂತೆ. ಅದು ನಿಜಾನಾ? ಮತ್ತೆ ಈಗಲೂ ಲಿಖಿತವಾಗಿ ದೂರು ಕೊಡಬಹುದಾ, ತಡ ಆಯ್ತಾ?

ಮೈ_ನೋವು:
ಹೇಳಬೇಡಿ. ನಮ್ಮ ಸೈಟಿನಲ್ಲಿ ಒಬ್ಬ ಹೇಳಿ ಡ್ಯೂಟಿ ಕಳಕೊಂಡ.

ಆಲಿಸುವೆ:
ಡಾಕ್ಟರ್ ಹತ್ರ ಹೇಳಿದ್ದು ಅವರಿಬ್ಬರ ನಡುವೆ ಇರಬೇಕು. ಅವರಾಗೇ ಏಜೆನ್ಸಿಗೆ ಫೋನ್ ಮಾಡಿ ಹೇಳೋ ಹಾಗಿಲ್ಲ. ರಜೆ ಚೀಟಿ ಬೇಕಾದ್ರೆ ಕಾಯಿಲೆ ಹೆಸರು ಬರೆಯದೇ ವಿಶ್ರಾಂತಿ ಬೇಕು ಅಂತಷ್ಟೇ ಬರೆದುಕೊಡಿ ಅಂತ ಕೇಳಿ. ಆದ್ರೆ ಕೆಲಸದಲ್ಲಾದ ಹಾನಿಗೆ ಪರಿಹಾರ ಕೇಳೋದಾದ್ರೆ ಮಾತ್ರ ದಾಖಲೆ ಬೇಕೇ ಬೇಕು. ಅಲ್ಲಿ ಮುಚ್ಚಿಟ್ಟಷ್ಟೂ ನಷ್ಟ. ಎರಡರಲ್ಲಿ ಯಾವುದು ಅಂತ ತಮ್ಮನೇ ನಿರ್ಧರಿಸಲಿ, ನಾವು ಯಾರೂ ಅಲ್ಲ.

ಫೀಲ್ಡ್‌ಆಫೀಸರ್:
ತಡ ಆಗಿಲ್ರಿ ಅಕ್ಕಾರ, ಬರೀರಿ. ನಾನು ಎಷ್ಟೋ ರಿಪೋರ್ಟ್ ಓದೀನಿ, ಯಾವುದು ಕಸದ ಬುಟ್ಟಿಗೆ ಹೋಗ್ತದ, ಯಾವುದು ನಿಲ್ತದ ಗೊತ್ತದ. "ನನಗೆ ತುಂಬಾ ಅವಮಾನ ಆಯಿತು, ನ್ಯಾಯ ಕೊಡಿಸಿ" ಅಂತ ಬರದ್ರ ಯಾರೂ ಓದಂಗಿಲ್ಲ. ತಾರೀಖು, ವೇಳೆ, ಯಾವ ಪೋಸ್ಟ್, ಆವಾಗ ಡ್ಯೂಟಿ ಮ್ಯಾಲೆ ಯಾರ್‍ಯಾರು ಇದ್ರು, ಏನು ನಿಯಮ ಹೇಳಿದೆ, ಅವರು ಏನಂದ್ರು ಅವರ ಮಾತಿನಾಗ, ಯಾವ ಕೈಲೆ ಏನು ಹಿಡದು ಹೊಡದ್ರು, ಯಾರಿಗೆ ಎಷ್ಟೊತ್ತಿಗೆ ಫೋನ್ ಮಾಡಿದೆ, ಸಹಾಯ ಎಷ್ಟೊತ್ತಿಗೆ ಬಂತು. ಅಷ್ಟ. ಸೂಪರ್‌ವೈಸರ್ "ದೊಡ್ಡದು ಮಾಡಬ್ಯಾಡ" ಅಂದಿದ್ದೂ ಅದರಾಗ ಬರಲಿ. ಭುಜಕ್ಕ ತೋರಿಸಿದ ಚೀಟಿ ಇದ್ರ ಹಚ್ಚರಿ. ಏಜೆನ್ಸಿಗೆ ಒಂದು, ಆಸ್ಪತ್ರಿ ಆಡಳಿತಕ್ಕ ಒಂದು, ಎರಡೂ ಕಡೆ ಸ್ವೀಕೃತಿ ಸಹಿ ತಗೋರಿ. ಕ್ಯಾಮರಾ ರೆಕಾರ್ಡಿಂಗ್ ಉಳಿಸಿ ಇಡ್ರಿ ಅಂತ ಪತ್ರದಾಗ ಕೇಳ್ರಿ. ಎರಡು ತಿಂಗಳಾಗೇತಿ, ಅಳಿಸಿರಬೇಕು, ಆದ್ರೂ ಕೇಳಿದ್ದು ದಾಖಲೆ ಆಗ್ತದ.

ರಾತ್ರಿಪಾಳಿ:
ರಿಜಿಸ್ಟರ್‌ನಲ್ಲಿ ಅವತ್ತಿನ ಪುಟ ಇದ್ರೆ ಫೋಟೊ ತೆಗೆದಿಟ್ಟುಕೊಳ್ಳಿ. ಪುಟ ಹರಿದುಹೋಗೋದು ನೋಡಿದ್ದೀನಿ. "ಎಲ್ಲಾ ಓಕೆ" ಅಂತ ಬರೆದಿದ್ರೆ ಅದೇ ನಿಮ್ಮ ವಿರುದ್ಧ ಸಾಕ್ಷಿ ಆಗುತ್ತೆ, ಯಾರು ಬರೆಸಿದ್ರು ಅಂತ ನೆನಪು ಮಾಡಿಕೊಂಡು ಪತ್ರದಲ್ಲಿ ಹಾಕಿ.

ಅಂಕಿಅಂಶ:
ಇದೂ ಗೊತ್ತಿರಲಿ: ಐಎಲ್‌ಒದ 190ನೇ ಒಡಂಬಡಿಕೆ. ಕೆಲಸದ ಜಾಗದಲ್ಲಿನ ಹಿಂಸೆ, ಕಿರುಕುಳದ ಬಗ್ಗೆಯೇ ಇರೋದು. 2019ರ ಜೂನ್‌ನಲ್ಲಿ ಅಂಗೀಕಾರ ಆಯ್ತು, 2021ರ ಜೂನ್ 25ರಿಂದ ಜಾರಿ. ಹಿಂಸೆ ಮಾಡಿದವನು ಗಿರಾಕಿಯಂಥ ಮೂರನೆಯವನಾದ್ರೂ ಲೆಕ್ಕಕ್ಕೆ ಬರುತ್ತೆ. ಒಂದೇ ಸಲ ಆದ್ರೂ ಹಿಂಸೆಯೇ. ಕಾಂಟ್ರಾಕ್ಟ್ ಹೇಗಿದ್ರೂ ರಕ್ಷಣೆ ಇದೆ, ಹಾಗಾಗಿ ಏಜೆನ್ಸಿ ಮೂಲಕ ಬಂದವನು ಅನ್ನೋ ನೆಪ ನಡೆಯಲ್ಲ. ಜೀವಕ್ಕೆ ಅಪಾಯ ಇದೆ ಅಂತ ಸಕಾರಣವಾಗಿ ಅನ್ನಿಸಿದ್ರೆ ಜಾಗ ಬಿಟ್ಟು ಹೋಗೋ ಹಕ್ಕೂ ಇದೆ, ಅದಕ್ಕೆ ಶಿಕ್ಷೆ ಕೊಡೋ ಹಾಗಿಲ್ಲ. ಜೊತೆಗೆ ಬಂದ 206ನೇ ಶಿಫಾರಸಿನಲ್ಲಿ ಹೆಚ್ಚು ಅಪಾಯದ ಕೆಲಸಗಳ ಪಟ್ಟಿ ಇದೆ. ಗಾರ್ಡ್ ಅಂತ ಹೆಸರು ಹಿಡಿದು ಹೇಳಿಲ್ಲ, ರಾತ್ರಿ ಕೆಲಸ, ಒಂಟಿ ಕೆಲಸ, ಆರೋಗ್ಯ ಕ್ಷೇತ್ರ ಮೂರೂ ಇದೆ. ಅಕ್ಕನ ತಮ್ಮನಿಗೆ ಮೂರೂ ಅನ್ವಯ.

ಖಡಕ್:
ಒಡಂಬಡಿಕೆಗೆ ಸಹಿ ಹಾಕಿದ ದೇಶಕ್ಕೆ ಮಾತ್ರ ಅದು ಅನ್ವಯ. ಉಳಿದ ಕಡೆ ಬರೀ ಕಾಗದ.

ಅಂಕಿಅಂಶ:
ಅನುಮೋದಿಸಿದ ದೇಶಕ್ಕೆ ಮಾತ್ರ, ಹೌದು, ಅದು ಸರಿ. ಉಳಿದ ಕಡೆ ಕೇಳೋದಕ್ಕೆ ಒಂದು ಅಳತೆಗೋಲಾಗುತ್ತೆ. ಯಾವುದು ಕನಿಷ್ಠ ಅಂತ ಗೊತ್ತಿಲ್ಲದವನು ಏನಂತ ಕೇಳ್ತಾನೆ?

ವಾಕಿಟಾಕಿ:
ಜಾಗ ಬಿಟ್ಟು ಹೋಗೋ ಹಕ್ಕು!! ನಮ್ಮಲ್ಲಿ ಪೋಸ್ಟ್ ಬಿಟ್ರೆ ಒಂದು ದಿನದ ಸಂಬಳ ಕಟ್. ಇದನ್ನ ಪ್ರಿಂಟ್ ತೆಗೆದು ಬೂತ್ ಒಳಗೆ ಅಂಟಿಸ್ತೀನಿ.

ಎಚ್ಆರ್_ಕಡೆಯವನು:
ನಾವು ಗಾರ್ಡ್‌ಗಳಿಗೆ ಬಾಡಿ ಕ್ಯಾಮರಾ ಕೊಡೋ ಯೋಚನೆಯಲ್ಲಿದ್ದೀವಿ. ಎದೆ ಮೇಲೆ ಕ್ಯಾಮರಾ ಇದ್ರೆ ಜನ ಕೈ ಎತ್ತೋ ಮುಂಚೆ ಯೋಚನೆ ಮಾಡ್ತಾರೆ.

ವಾಕಿಟಾಕಿ:
ರೆಕಾರ್ಡಿಂಗ್ ಯಾರ ಕೈಲಿರುತ್ತೆ ಸರ್? ಗಿರಾಕಿ ಹೊಡೆದದ್ದು ತೆಗೆದು ನೋಡ್ತೀರೋ, ನಾನು ಎಷ್ಟು ಸಲ ಫೋನ್ ನೋಡಿದೆ ಅಂತ ತೆಗೆದು ನೋಡ್ತೀರೋ? ಎರಡನೇದಕ್ಕೆ ಬಳಸಲ್ಲ ಅಂತ ಬರೆದುಕೊಟ್ರೆ ನಾಳೆಯಿಂದಲೇ ಹಾಕ್ತೀನಿ.

ಮಾಜಿ_ಸೈನಿಕ:
ಕ್ಯಾಮರಾ ನೋಡುತ್ತೆ, ಸಹಾಯಕ್ಕೆ ಓಡಿಬರಲ್ಲ. ಮೊದಲು ರಾತ್ರಿ ಪೋಸ್ಟ್‌ಗೆ ಇಬ್ಬರನ್ನ ಹಾಕಿ. ಒತ್ತಿದ್ರೆ ಎರಡು ನಿಮಿಷದಲ್ಲಿ ಯಾರಾದ್ರೂ ಬರೋ ಬಟನ್ ಕೊಡಿ. ಮಾತಲ್ಲೇ ಸಿಟ್ಟು ಇಳಿಸೋದು ಹೇಗೆ, ಎಷ್ಟು ದೂರ ನಿಲ್ಲಬೇಕು, ಹಿಂದೆ ದಾರಿ ಬಿಟ್ಟುಕೊಂಡು ಹೇಗೆ ನಿಲ್ಲಬೇಕು ಅಂತ ಕಲಿಸಿ. ಅಕ್ಕನ ತಮ್ಮನ ಬೆನ್ನಿಗೆ ಗೋಡೆ ಇತ್ತಲ್ಲ, ಆ ಪೋಸ್ಟ್ ಅಲ್ಲಿ ಇಟ್ಟೋರು ಯಾರು? ಬೂತ್ ಇಡೋ ಮುಂಚೆ ಒಂದು ರಾತ್ರಿ ಅಲ್ಲಿ ಅವರೇ ನಿಂತು ನೋಡಲಿ.

ಎಚ್ಆರ್_ಕಡೆಯವನು:
ಇಬ್ಬರು ಅಂದ್ರೆ ವೆಚ್ಚ ಎರಡರಷ್ಟಾಗುತ್ತೆ. ಮ್ಯಾನೇಜ್‌ಮೆಂಟ್ ಒಪ್ಪಲ್ಲ.

ಫೀಲ್ಡ್‌ಆಫೀಸರ್:
ಎಲ್ಲಾ ಪೋಸ್ಟಿಗೂ ಯಾರು ಇಬ್ಬರನ್ನ ಕೇಳ್ಯಾರ್ರಿ? ರಾತ್ರಿ ಗಲಾಟಿ ಆಗೂ ಎರಡು ಪೋಸ್ಟ್ ಯಾವು ಅಂತ ನಿಮ್ಮ ಗಾರ್ಡ್‌ಗಳನ್ನ ಕೇಳ್ರಿ, ಕಣ್ಣು ಮುಚ್ಚಿ ಹೇಳ್ತಾರ. ಅಷ್ಟಕ್ಕ ಹಾಕ್ರಿ. ಕೊಟೇಶನ್ ನಾನು ಕಳಿಸ್ತೀನಿ.

ಖಡಕ್:
ಬಂತು ನೋಡಿ, ಕೊನೆಗೆ ಬಿಸಿನೆಸ್ 😄

ಫೀಲ್ಡ್‌ಆಫೀಸರ್:
ಹೌದ್ರಿ, ಬಿಸಿನೆಸ್ಸ. ಹುಡುಗೂರು ಹೊಡಿಸಿಕೊಳ್ಳದಂಗ ಮಾಡೂ ಬಿಸಿನೆಸ್ ಆದ್ರ ನನಗ ನಾಚಿಕಿ ಇಲ್ಲ. ನಿಮ್ಮ ಬಿಲ್ಡಿಂಗಿಗೂ ಬೇಕಾದ್ರ ಹೇಳ್ರಿ.

ಕುರ್ಚಿ_ಬೇಕು:
ಕೊಟೇಶನ್‌ನಲ್ಲಿ ಒಂದು ಕುರ್ಚಿನೂ ಸೇರಿಸಿ ಸಾರ್.